ಬೇಗೂರಿನ ಗುಡಿ: ನೋಡುವುದು, ಓದುವುದು



ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೋಗುವವರು ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ತಿರುಗಿದರೆ ಬೇಗೂರು ಸಿಗುತ್ತದೆ. ಅಲ್ಲಿನ ಪಂಚಲಿಂಗೇಶ್ವರ ದೇವಾಲಯಕ್ಕೆ ಬಂದವರು ಸಾಮಾನ್ಯವಾಗಿ ಪೂಜೆ ಮಾಡಿಸಿ, ತೀರ್ಥ ತೆಗೆದುಕೊಂಡು ಮರಳುತ್ತಾರೆ. ಆದರೆ ಇದು ನೋಡಿದರಷ್ಟೇ ಸಾಲದ, ಓದಲೂ ಬೇಕಾದ ಗುಡಿ.

ಇಲ್ಲಿರುವ ಐದು ಶಿವಾಲಯಗಳಲ್ಲಿ ನಾಗೇಶ್ವರ, ನಗರೇಶ್ವರ ಗುಡಿಗಳು ಗಂಗರ ಕಾಲದವು. ಉಳಿದವು ಚೋಳರ ಕಾಲದಲ್ಲಿ ಸೇರಿದವು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1915ರ ಸುಮಾರಿಗೆ ಇಲ್ಲಿ ಒಂದು ಪುಟ್ಟ ಶಾಸನವನ್ನು ಗುರುತಿಸಿದರು. ಅದರ ಕಾಲ ಸುಮಾರು ಕ್ರಿ.ಶ. 890. ಗಂಗರ ಅಧಿಕಾರಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಮಡಿದನೆಂಬ ಸುದ್ದಿ ಅದರಲ್ಲಿದೆ. ನಾಗತ್ತರನ ಮನೆಯ ಸೇವಕ ಪೆರ್ಬೊನಸೆಟ್ಟಿಯ ಹೆಸರೂ ಇದೆ.

ಹಸಿದು ಬಂದ ಹೊಯ್ಸಳ ದೊರೆ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರು ಬೆಂದಕಾಳೂರಾಯಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಇಮ್ಮಡಿ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಬೆಂಗಳೂರು ಎಂಬ ಹೆಸರು ಕಲ್ಲಿನ ಮೇಲಿತ್ತು. ಕೆಂಪೇಗೌಡರು ಕೋಟೆ ಕಟ್ಟಿದ 1537ಕ್ಕಂತೂ ಅದು ಆರು ಶತಮಾನ ಹಳೆಯದು.

ನಾಗತ್ತರನೂ ಯುದ್ಧದಲ್ಲೇ ಸತ್ತ. ಅವನ ವೀರಗಲ್ಲು ಬೇಗೂರಿನಿಂದ ಬಂದು ಇಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕಾಲಾಳುಗಳಿಂದ ತುಂಬಿದ ರಣರಂಗವೇ ಅದರಲ್ಲಿ ಮೂಡಿದೆ. ಅವನ ಮರಣಾನಂತರ ಗಂಗ ದೊರೆ ಎರೆಯಪ್ಪ, ಇರುಗನೆಂಬುವನಿಗೆ ನಾಗತ್ತರ ಎಂಬ ಬಿರುದು ಕೊಟ್ಟು, ಬೇಗೂರಿನ ಸೀಮೆಯ ಹನ್ನೆರಡು ಹಳ್ಳಿಗಳನ್ನು ವಹಿಸಿದನು. ಮಡಿದವನ ಹೆಸರು ಹಾಗೆ ಮುಂದುವರಿಯಿತು.

ಜಪಾನಿನ ಪ್ರಸಿದ್ಧ ಶಿಂಟೋ ಕ್ಷೇತ್ರವಾದ ಇಸೆಯಲ್ಲಿ ಮರದ ಗುಡಿಯನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. 2013ರಲ್ಲೂ ಹೀಗೆಯೇ ಕಟ್ಟಿದರು. ಹಳೆಯ ಮರ ಹೋದರೂ ಬಡಗಿಯ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತದೆ. ಬೇಗೂರಿನಲ್ಲಿ ಇದಕ್ಕೆ ತಿರುವುಮುರುವು. ಕಲ್ಲು ಸಾವಿರದ ನೂರು ವರ್ಷಗಳಿಂದ ನಿಂತಿದೆ, ಅದನ್ನು ಓದಬಲ್ಲವರು ಕಡಿಮೆಯಾಗಿದ್ದಾರೆ.

ಹೊಲಗಳು ಬಡಾವಣೆಗಳಾಗಿರುವ ಈ ಸುತ್ತಿನಲ್ಲಿ ಅಕ್ಷರವಿರುವ ಕಲ್ಲೊಂದು ಪಾಯಕ್ಕೋ ಚರಂಡಿಗೋ ಸೇರಿದರೆ ಅದಕ್ಕೆ ಎರಡನೆಯ ಪ್ರತಿಯಿಲ್ಲ. ಆದುದರಿಂದ ಮುಂದಿನ ಬಾರಿ ಬೇಗೂರಿಗೆ ಹೋದಾಗ ಮಕ್ಕಳನ್ನೂ ಕರೆದೊಯ್ಯಿರಿ. ದೇವರಿಗೆ ಕೈಮುಗಿದ ಮೇಲೆ ಊರಿನ ಹೆಸರು ಹೊತ್ತ ಆ ಕಲ್ಲನ್ನು ತೋರಿಸಿ, ಬುಟ್ಟಣಸೆಟ್ಟಿಯ ಕಥೆ ಹೇಳಿ.