ಉಗುರಿನ ಬುಡದಲ್ಲೊಂದು ನೀಲಿ ಕುರುಹು



ನಿಮ್ಮ ಕೈಯುಗುರುಗಳನ್ನೊಮ್ಮೆ ನೋಡಿಕೊಳ್ಳಿ. ಬುಡದಲ್ಲಿರುವ ಬಿಳಿಯ ಅರ್ಧಚಂದ್ರವು ನೀಲಿಬೂದಿಗೆ ತಿರುಗಿದ್ದರೆ, ಅದು ದೇಹದಲ್ಲಿ ಬೆಳ್ಳಿ ಸಂಚಯವಾಗಿರುವುದರ ಕುರುಹಾಗಿರಬಹುದು. ವೈದ್ಯರು ಇದನ್ನು ‘ಆರ್ಜಿರಿಯಾ’ ಎನ್ನುತ್ತಾರೆ. ಕಾಲುಂಗುರ ತೊಟ್ಟ ಮಾತ್ರಕ್ಕೆ ಮೈ ನೀಲಿಯಾಗದು, ತಾಯಂದಿರು ಹೆದರಬೇಕಿಲ್ಲ. ಬೆಳ್ಳಿಯ ಲವಣ ತಯಾರಿಸುವ ಕಾರ್ಖಾನೆಗಳ ಕಾರ್ಮಿಕರಲ್ಲಿ, ಬೆಳ್ಳಿಯ ದ್ರಾವಣವನ್ನು ಔಷಧಿಯೆಂದು ಬಹುಕಾಲ ಕುಡಿದವರಲ್ಲಿ ಇದು ಕಂಡುಬಂದಿದೆ.

ಅಮೆರಿಕದ ಮೊಂಟಾನಾ ರಾಜ್ಯದ ಸ್ಟ್ಯಾನ್ ಜೋನ್ಸ್ ಎಂಬ ರಾಜಕಾರಣಿ, 2000ನೇ ಇಸವಿ ಕಾಲಿಟ್ಟೊಡನೆ ಔಷಧಿಗಳೇ ಸಿಗಲಾರವೆಂದು ಭಯಪಟ್ಟು, ಮನೆಯಲ್ಲೇ ಬೆಳ್ಳಿನೀರು ತಯಾರಿಸಿ ಕುಡಿದರು. 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತಾಗ ಅವರ ಮೈ ನೀಲಿಬೂದಾಗಿತ್ತು! ಫೋಟೋ ಫಿಲ್ಮಿನಂತೆಯೇ ಚರ್ಮದೊಳಗಿನ ಬೆಳ್ಳಿಯೂ ಬೆಳಕಿಗೆ ಕಪ್ಪಾಗುತ್ತದೆ. ಬಣ್ಣ ಸಾಮಾನ್ಯವಾಗಿ ಅಳಿಯುವುದಿಲ್ಲ. ಇಂಥ ದ್ರಾವಣಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲವೆಂದು ಆ ದೇಶದ ಔಷಧ ನಿಯಂತ್ರಣ ಇಲಾಖೆ 1999ರಲ್ಲಿಯೇ ಸಾರಿತ್ತು.

ಆದರೆ ಉಗುರನ್ನಷ್ಟೇ ನೋಡಿ ತೀರ್ಪು ಕೊಡಲಾಗದು. ತಾಮ್ರ ಸಂಚಯವಾಗುವ ವಿಲ್ಸನ್ ರೋಗದಲ್ಲಿಯೂ ಹೀಗೆಯೇ ನೀಲಿ ಕಾಣಿಸಬಹುದು. ವೈದ್ಯರಿಗೆ ತೋರಿಸಿ, ಸೇವಿಸಿದ ಪ್ರತಿಯೊಂದನ್ನೂ ಮುಚ್ಚಿಡದೆ ತಿಳಿಸಿ.

ಇನ್ನು ನಮ್ಮ ಹಳ್ಳಗಳ ಮಾತು. ಕುಡಿಯುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಬೆಳ್ಳಿಯನ್ನು ಭಾರತೀಯ ಮಾನಕವು ಮಿತಿಯಾಗಿಟ್ಟಿದೆ. ನೀರಿನಲ್ಲಿ ಕರಗಿದ ಬೆಳ್ಳಿ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿಯೇ ಮೀನಿಗೆ ಮಾರಕ. ಮೀನಿಗೆ ಎಚ್ಚರಿಸಲು ಉಗುರಿಲ್ಲ.