ಶಿಫಾರಸು ಮಾಡದ ಕಟ್ಟೆಗಳ ಪರವಾಗಿ

ಬ್ರಿಟನ್ 2023ರಲ್ಲಿ ಮಾಡಿದ ಆನ್‌ಲೈನ್ ಸುರಕ್ಷತಾ ಕಾಯ್ದೆಯ ಸುದ್ದಿ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಅದರ ಚರಿತ್ರೆಗೆ ಎರಡು ಮಾತು ಸಾಕು. 14 ವರ್ಷದ ಮಾಲಿ ರಸೆಲ್ ಎಂಬ ಬಾಲೆ 2017ರಲ್ಲಿ ತೀರಿಕೊಂಡಳು. ಇನ್‌ಸ್ಟಾಗ್ರಾಂ, ಪಿಂಟರೆಸ್ಟ್‌ಗಳಲ್ಲಿ ಅವಳು ಕಂಡದ್ದಕ್ಕೂ ಆ ಸಾವಿನಲ್ಲಿ ಪಾಲಿದೆಯೆಂದು 2022ರ ಕರೋನರ್ ವಿಚಾರಣೆ ನಿರ್ಣಯಿಸಿತು. ಅವಳು ಕೇಳದಿದ್ದರೂ ಅಂಥ ಚಿತ್ರಗಳನ್ನೇ ಅಲ್ಗಾರಿದಮ್ ಆರಿಸಿ ಮುಂದಿಡುತ್ತಿತ್ತು. ನನ್ನ ಇಂದಿನ ತಕರಾರೆಲ್ಲ ನಿಂತಿರುವುದು ಈ ಸಂಗತಿಯ ಮೇಲೆ. ಶಿಫಾರಸಿನ ಯಂತ್ರ ಮಾಡಿದ ಕೇಡು ನೋಡಿ ಕಾನೂನು ಬರೆದರು. ಅಂಥ ಯಂತ್ರವೇ ಇಲ್ಲದ ಸಣ್ಣ ಚರ್ಚಾತಾಣಗಳ ತಲೆಗೂ ಅದನ್ನು ಕಟ್ಟಿದರು.

ಭಯೋತ್ಪಾದನೆಯಿಂದ ಹಿಡಿದು ವಂಚನೆಯವರೆಗೆ 17 ಬಗೆಯ ಅಕ್ರಮ ಹಾನಿಗಳಲ್ಲಿ ಯಾವುದು ತಮ್ಮ ತಾಣದಲ್ಲಿ ಎಷ್ಟು ಸಂಭವನೀಯ ಎಂದು ಪ್ರತಿಯೊಬ್ಬ ನಿರ್ವಾಹಕರೂ 2025ರ ಮಾರ್ಚ್ 16ರೊಳಗೆ ಅಳೆದು ಬರೆದಿಡಬೇಕಿತ್ತು. ತಪ್ಪಿದರೆ ದಂಡದ ಮೇಲ್ಮಿತಿ 1.8 ಕೋಟಿ ಪೌಂಡ್, ಇಲ್ಲವೇ ಜಾಗತಿಕ ಆದಾಯದ ಶೇಕಡ 10. ಯಾವುದು ಹೆಚ್ಚೋ ಅದು. ಆದಾಯವೇ ಇಲ್ಲದವನಿಗೆ ಅನ್ವಯಿಸುವುದು ಮೊದಲನೆಯ ಅಂಕಿ. ಲಂಡನ್ನಿನ ಸೈಕಲ್ ಸವಾರರ ಹಳೆಯ ತಾಣವೊಂದು ಗಡುವಿನ ದಿನವೇ ಬಾಗಿಲು ಹಾಕುವುದಾಗಿ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಬೇರೆಯವರು ಹೊಣೆ ಹೊತ್ತಿದ್ದರಿಂದ ಮುಂದೆ ಅದು ಉಳಿಯಿತು, ನಿಜ. ಆದರೆ ಸೈಕಲ್ಲಿನ ಸರಪಳಿ, ಗೇರುಗಳ ಬಗ್ಗೆ ಮಾತಾಡುವವರು ಆ ನಿರ್ಧಾರಕ್ಕೆ ಬರಬೇಕಾಯಿತಲ್ಲ, ಅದು ಚಿಕ್ಕ ಸಂಗತಿಯಲ್ಲ.

ಸಣ್ಣ, ಅಪಾಯ ಕಡಿಮೆಯಿರುವ ತಾಣಗಳಿಂದ ಹೆಚ್ಚೇನನ್ನೂ ನಿರೀಕ್ಷಿಸುವುದಿಲ್ಲ, ಕ್ರಮಗಳೆಲ್ಲ ಅಪಾಯಕ್ಕೆ ತಕ್ಕಷ್ಟೇ ಎಂಬುದು ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ಉತ್ತರ. ಆ ಮಾತಿನಲ್ಲಿ ಪ್ರಾಮಾಣಿಕತೆಯಿದೆ ಎಂದೇ ನಾನು ನಂಬುತ್ತೇನೆ. ಆದರೂ ಅಪಾಯ ಕಡಿಮೆ ಎಂದು ಸಾಧಿಸುವ ಕೆಲಸ ಸಣ್ಣವನದೇ. ಕಂಪನಿಗೆ ಅದನ್ನು ಮಾಡಿಕೊಡುವ ವಕೀಲರಿದ್ದಾರೆ. ಸಂಜೆ ಕೆಲಸ ಮುಗಿಸಿ ಬಂದು ಸರ್ವರ್ ಬಾಡಿಗೆಯನ್ನು ಕೈಯಿಂದ ಕಟ್ಟುವ ಅಡ್ಮಿನ್‌ಗೆ ಯಾರಿದ್ದಾರೆ? ನಿಯಂತ್ರಕರು ದಂಡ ಹಾಕಲಾರರು ಎಂಬ ಭರವಸೆ ಅವರ ಸೌಜನ್ಯದಲ್ಲಿದೆ, ಕಾಯ್ದೆಯ ಪಠ್ಯದಲ್ಲಿಲ್ಲ.

ಕಾಯ್ದೆಗೆ ಈ ವ್ಯತ್ಯಾಸ ಗೊತ್ತಿಲ್ಲವೆಂದಲ್ಲ. ಅತಿ ಕಠಿಣ ಕರ್ತವ್ಯಗಳ ಒಂದನೇ ವರ್ಗಕ್ಕೆ ಯಾರು ಸೇರುತ್ತಾರೆ ನೋಡಿ. ಶಿಫಾರಸು ವ್ಯವಸ್ಥೆಯ ಜೊತೆಗೆ ಬ್ರಿಟನ್ನಿನಲ್ಲಿ 3.4 ಕೋಟಿಗೂ ಹೆಚ್ಚು ಬಳಕೆದಾರರಿರಬೇಕು. ಅಥವಾ ಶಿಫಾರಸೂ ಮರುಹಂಚಿಕೆಯೂ ಇದ್ದು 70 ಲಕ್ಷ ದಾಟಿರಬೇಕು. ಮೇಲಂತಸ್ತಿನಲ್ಲಿ ಶಿಫಾರಸನ್ನೇ ಅಳತೆಗೋಲು ಮಾಡಿದವರು ಕೆಳಗೆ ಅದನ್ನು ಕೈಬಿಟ್ಟರು. ಇನ್ನೊಂದು ವಿಚಿತ್ರ: ತಾಣದ ಒಡೆಯನೇ ಬರೆದದ್ದಕ್ಕೆ ಓದುಗರು ಹಾಕುವ ಪ್ರತಿಕ್ರಿಯೆಗೆ ವಿನಾಯಿತಿಯಿದೆ, ಸದಸ್ಯರು ತಮ್ಮ ತಮ್ಮಲ್ಲೇ ಮಾತಾಡಿದರೆ ಇಲ್ಲ. ಒಬ್ಬ ಭಾಷಣ ಮಾಡಿ ಉಳಿದವರು ಚಪ್ಪಾಳೆ ತಟ್ಟುವ ಜಾಗ ಕ್ಷೇಮ, ಎಲ್ಲರೂ ಸಮನಾಗಿ ಕೂತು ಮಾತಾಡುವ ಅಶ್ವತ್ಥಕಟ್ಟೆ ಅನುಮಾನಾಸ್ಪದ ಎಂದಂತಾಯಿತು. ಇದನ್ನು ಒಪ್ಪಲು ನನ್ನಿಂದಾಗದು.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಬೇರೆಯದು. ಸಣ್ಣದೆಲ್ಲ ಸಾಧುವಲ್ಲ. ಈ ಕಾಯ್ದೆಯಡಿ ಆಫ್‌ಕಾಮ್ 2025ರ ಏಪ್ರಿಲ್‌ನಲ್ಲಿ ತನಿಖೆಗೆತ್ತಿಕೊಂಡದ್ದು ಆತ್ಮಹತ್ಯೆಯ ಕುರಿತ ಒಂದು ತಾಣವನ್ನು. ಮಕ್ಕಳನ್ನು ಕಳೆದುಕೊಂಡ ಹೆತ್ತವರ ಮುಂದೆ ನಿಂತು, ಸಣ್ಣವರನ್ನು ಬಿಟ್ಟುಬಿಡಿ ಎನ್ನುವ ಧೈರ್ಯ ನನಗಿಲ್ಲ. ನಾನು ಕೇಳುತ್ತಿರುವುದು ಪೂರ್ತಿ ಬಿಡುಗಡೆಯನ್ನಲ್ಲ. ಶಿಫಾರಸು ಮಾಡದ ಸಣ್ಣ ತಾಣಕ್ಕೆ ಮೊದಲೇ ಬರೆದಿಡುವ ಹೊರೆ ಬೇಡ. ದೂರು ಬಂದ ಮೇಲೆ ಉತ್ತರಿಸುವ ಹೊಣೆ ಇರಲಿ. ಕುಖ್ಯಾತ ತಾಣಗಳನ್ನು ಹೆಸರಿಟ್ಟೇ ಹಿಡಿಯಬಹುದು, ಅದಕ್ಕೆ ಸಾವಿರಾರು ನಿರ್ವಾಹಕರಿಂದ ದಾಖಲೆ ಬರೆಸಬೇಕಿಲ್ಲ. ನಮ್ಮ 2021ರ ಐಟಿ ನಿಯಮಗಳು 50 ಲಕ್ಷ ನೋಂದಾಯಿತ ಬಳಕೆದಾರರ ಗೆರೆ ಎಳೆದು ಹೆಚ್ಚುವರಿ ಹೊಣೆಗಳನ್ನು ದೊಡ್ಡವರಿಗಷ್ಟೇ ಇಟ್ಟಿವೆ. ಆ ನಿಯಮಗಳ ಬಗ್ಗೆ ಬೇರೆ ಜಗಳಗಳಿವೆ, ಈ ಗೆರೆಯ ವಿವೇಕ ಮಾತ್ರ ಉಳಿಯಬೇಕಾದದ್ದು. ‘ಸಂಪದ’ದಂಥ ತಾಣಗಳಲ್ಲಿ ಬರೆದು ಬೆಳೆದ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೂ ಒಂದು ಪ್ರಶ್ನೆ ನನ್ನಲ್ಲೇ ಬಗೆಹರಿದಿಲ್ಲ. ದೂರು ಬರುವವರೆಗೆ ಕಾಯುವುದೆಂದರೆ, ಮೊದಲ ದೂರು ಕೊಡುವ ಶಕ್ತಿಯೇ ಇಲ್ಲದ ಮಗುವಿನ ಪರವಾಗಿ ಯಾರು ಮಾತಾಡಬೇಕು? ಸಭೆಯಲ್ಲಿ ಕಾನೂನು ಬಲ್ಲವರಿದ್ದೀರಿ, ಮಕ್ಕಳ ಜೊತೆ ಕೆಲಸ ಮಾಡುವವರಿದ್ದೀರಿ. ಸಂವಾದವನ್ನು ದಯವಿಟ್ಟು ಅಲ್ಲಿಂದ ಆರಂಭಿಸಿ.