ಹಾಲೆ ಮರದ ತೊಗಟೆ ಪ್ರಯೋಗಾಲಯಕ್ಕೆ ಹೋದಾಗ



ಆಟಿ ಅಮಾವಾಸ್ಯೆಯ ನಸುಕಿಗೆ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಹಾಲೆ ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಕಲ್ಲಿನಿಂದಲೇ ಜಜ್ಜಿ ತೆಗೆದು, ಓಮ, ಬೆಳ್ಳುಳ್ಳಿ, ಕರಿಮೆಣಸು ಸೇರಿಸಿ ಅರೆದು, ಕಾಸಿದ ಬೆಣಚುಕಲ್ಲಿನ ಒಗ್ಗರಣೆ ಕೊಟ್ಟು ಬರಿಹೊಟ್ಟೆಗೆ ಕುಡಿಯುತ್ತೇವೆ. ಆಮೇಲೆ ಮೆಂತೆ ಗಂಜಿ. ಈ ಹಾಲೆ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯವನ್ನೂ ಕಂಡಿದೆ. ಗಣೇಶ ಚಂದ್ರ ಜಗೇಟಿಯ ಮತ್ತು ಮಂಜೇಶ್ವರ ಶ್ರೀನಾಥ ಬಾಳಿಗ ಅವರು ಬೇಸಗೆ, ಮಳೆಗಾಲ, ಚಳಿಗಾಲಗಳಲ್ಲಿ ಸಂಗ್ರಹಿಸಿದ ಹಾಲೆಯ ಸಾರವನ್ನು ಗರ್ಭಕೊರಳಿನ ಕ್ಯಾನ್ಸರಿನಿಂದ ಬಂದ ಹೀಲಾ ಜೀವಕೋಶಗಳ ಮೇಲೆ ಪರೀಕ್ಷಿಸಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಕೋಶಗಳನ್ನು ಕೊಂದದ್ದು ಬೇಸಗೆಯ ಸಾರ. ಒಂದೇ ಮರದ ಗುಣ ಋತುವಿನೊಂದಿಗೆ ಬದಲಾಗುತ್ತದೆ ಎಂದಮೇಲೆ, ‘ಈ ಗಿಡ ಕ್ಯಾನ್ಸರಿಗೆ ಮದ್ದು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಹೇಗೆ?

ಪರೀಕ್ಷೆ ನಡೆಯುವ ಬಗೆ ನೋಡಿ. ಡಿಪಿಪಿಎಚ್ ಎಂಬ ಕಡುನೇರಳೆ ದ್ರಾವಣಕ್ಕೆ ಸಾರ ಹಾಕಿದಾಗ ಬಣ್ಣ ಹಳದಿಗೆ ತಿರುಗಿದರೆ ಅದರಲ್ಲಿ ಉತ್ಕರ್ಷಣ ನಿರೋಧಕ ಗುಣವಿದೆ ಎಂದರ್ಥ. ಎಂಟಿಟಿ ಪರೀಕ್ಷೆಯಲ್ಲಿ 96 ಗುಳಿಗಳ ಪುಟ್ಟ ತಟ್ಟೆಯೊಳಗೆ ಕ್ಯಾನ್ಸರ್ ಕೋಶಗಳನ್ನು ಬೆಳೆಸಿ ಸಾರ ಹಾಕುತ್ತಾರೆ. ಬದುಕುಳಿದ ಕೋಶಗಳು ಹಳದಿ ಬಣ್ಣವನ್ನು ನೇರಳೆ ಮಾಡುತ್ತವೆ. ನೇರಳೆ ತಿಳಿಯಾದಷ್ಟೂ ಉಳಿದ ಕೋಶಗಳು ಕಡಿಮೆ. ಆರೋಗ್ಯವಂತ ಕೋಶಗಳೂ ಹಾಗೆಯೇ ಸತ್ತರೆ ಆ ಸಾರ ಬರೀ ವಿಷ.

ಮೊದಲ ಪರೀಕ್ಷೆಯನ್ನೇ ನಂಬಿದರೆ ಏನಾಗುತ್ತದೆಂದು ತಿಳಿಯಲು ನಮ್ಮ ಅಡಿಕೆಯೇ ಸಾಕು. ಅದರಲ್ಲಿ ಪಾಲಿಫಿನಾಲ್ ಹೇರಳ. ಅದರ ಸಾರವೂ ಡಿಪಿಪಿಎಚ್ ಬಣ್ಣ ಬದಲಿಸುತ್ತದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ತೋಟವನ್ನೇ ನಂಬಿ ಬದುಕುವ ಈ ಸೀಮೆಯಲ್ಲಿ ನಿಂತು ಇದನ್ನು ಹೇಳುವುದು ಕಷ್ಟ, ಆದರೆ ಹೇಳಲೇಬೇಕು.

ಹಾಗೆಂದು ಭರವಸೆ ಬಿಡಬೇಕಿಲ್ಲ. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್, ಮಧುಮೇಹಕ್ಕೆ ಮದ್ದೆಂದು ಹೆಸರಾಗಿದ್ದ ನಿತ್ಯಪುಷ್ಪವನ್ನು ಪರೀಕ್ಷಿಸುವಾಗ ಅದರ ಸಾರ ಬಿಳಿ ರಕ್ತಕಣಗಳನ್ನು ತಗ್ಗಿಸುವುದನ್ನು ಕಂಡರು. ಹಾಗೆ ವಿನ್‌ಬ್ಲಾಸ್ಟಿನ್ ದೊರೆಯಿತು. ಅದೇ ಗಿಡದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ಔಷಧ. ಅದನ್ನು ಶುದ್ಧೀಕರಿಸಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ರಕ್ತನಾಳಕ್ಕೆ ಕೊಡುತ್ತಾರೆ. ಅಂಗಳದ ನಿತ್ಯಪುಷ್ಪ ಕಿತ್ತು ಕಷಾಯ ಮಾಡಿದರೆ ಅಪಾಯವೇ.

ಇಲ್ಲಿರುವ ವಿಜ್ಞಾನದ ವಿದ್ಯಾರ್ಥಿಗಳಿಗೆ ನನ್ನ ಮಾತು ಇಷ್ಟೆ: ಮೊದಲು ಗಿಡವನ್ನು ಸಸ್ಯತಜ್ಞರಿಂದ ಗುರುತಿಸಿಕೊಳ್ಳಿ. ಹಾಲೆಯೆಂದು ಕಾಸರಕನ ಕೆತ್ತೆ ತಂದರೆ ಜೀವಕ್ಕೇ ಸಂಚಕಾರ. ಯಾವ ತಿಂಗಳು, ಯಾವ ಭಾಗ, ಯಾವ ದ್ರಾವಕ ಎಂದು ಬರೆದಿಡಿ. ವಿಫಲವಾದ ಪರೀಕ್ಷೆಯನ್ನೂ ದಾಖಲಿಸಿ. ಮನೆಯಲ್ಲಿ ಕ್ಯಾನ್ಸರ್ ರೋಗಿಗಳಿದ್ದವರಲ್ಲಿ ಕೈಮುಗಿದು ಕೇಳುತ್ತೇನೆ: ಲಕ್ಷ್ಮಣಫಲದ ಎಲೆಯನ್ನೋ ಯಾರೋ ಹೇಳಿದ ಕಷಾಯವನ್ನೋ ನಂಬಿ ಚಿಕಿತ್ಸೆ ನಿಲ್ಲಿಸಬೇಡಿ. ಕುಡಿಯುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ರೋಗ ಬೇಗ ಗೊತ್ತಾಗಿ, ಚಿಕಿತ್ಸೆ ಬೇಗ ಶುರುವಾದಷ್ಟೂ ಬದುಕುವ ಅವಕಾಶ ಹೆಚ್ಚು.